ನಡವಳಿಗೆ ಸೇರದ ಮಾತು

ಸರ್ಕಾರಿ ಸಭೆಯೊಂದರ ನಡವಳಿಯನ್ನು ಓದಿದವರಿಗೆ, ಆ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಸರದಿಯಂತೆ ಮಾತನಾಡಿದರು, ಉಳಿದವರು ಮೌನವಾಗಿ ಆಲಿಸಿದರು, ಅಧ್ಯಕ್ಷರು ಸೂಚನೆಗಳನ್ನಿತ್ತರು, ವಂದನಾರ್ಪಣೆಯೊಂದಿಗೆ ಎಲ್ಲವೂ ಮುಕ್ತಾಯವಾಯಿತು ಎಂಬ ಭಾವನೆ ಮೂಡುತ್ತದೆ. ಸಭೆಗಳಲ್ಲಿ ಕುಳಿತು ಅನುಭವವಿರುವ ಯಾರೂ ಇದನ್ನು ನಂಬುವುದಿಲ್ಲ. ಮೇಜಿನ ಸುತ್ತ ಇಲಾಖಾ ಮುಖ್ಯಸ್ಥರು ಕುಳಿತಿರುತ್ತಾರೆ. ಅವರ ಬೆನ್ನ ಹಿಂದೆ ಗೋಡೆಗೆ ಒತ್ತಿದ ಕುರ್ಚಿಗಳಲ್ಲಿ ಕಡತಗಳನ್ನು ತೊಡೆಯ ಮೇಲಿಟ್ಟುಕೊಂಡ ಇನ್ನೊಂದು ಸಾಲು ಇರುತ್ತದೆ. ಮಾತನಾಡುವ ಹಕ್ಕು ಮುಂದಿನ ಸಾಲಿಗೆ, ವಿಷಯದ ತಿಳಿವಳಿಕೆ ಬಹುಪಾಲು ಹಿಂದಿನ ಸಾಲಿಗೆ. ಈ ಎರಡು ಸಾಲುಗಳ ನಡುವೆ ಎರಡು ಅಡಿ ಅಂತರ. ಆ ಎರಡು ಅಡಿಯನ್ನು ದಾಟಲು ಮುಂದಕ್ಕೆ ಬಾಗಿದ ಒಂದು ತಲೆ, ಮಡಚಿದ ಒಂದು ಚೀಟಿ, ಕಡತದಲ್ಲಿ ಬೆರಳಿಟ್ಟು ತೋರಿಸಿದ ಒಂದು ಪುಟ ಸಾಕು. ವಿಧಾನಸಭೆಯಲ್ಲಿಯೂ ಹೀಗೆಯೇ. ಪ್ರಶ್ನೋತ್ತರದ ವೇಳೆಯಲ್ಲಿ ಸಚಿವರು ನೀಡುವ ಉಪಪ್ರಶ್ನೆಯ ಉತ್ತರ, ಎಷ್ಟೋ ಬಾರಿ, ಅಧಿಕಾರಿಗಳ ಗ್ಯಾಲರಿಯಿಂದ ಅದೇ ಕ್ಷಣದಲ್ಲಿ ಹೊರಟ ಚೀಟಿಯೊಂದರ ಮೇಲೆ ಬರೆದಿರುತ್ತದೆ. ಚೀಟಿ ಹೊತ್ತೊಯ್ಯುವ ಸಿಬ್ಬಂದಿಯ ಹೆಸರು ಯಾವ ನಡವಳಿಯಲ್ಲಿಯೂ ಬರುವುದಿಲ್ಲ.

ಕಳೆದ ಐದಾರು ವರ್ಷಗಳಲ್ಲಿ ನಮ್ಮ ಸಭೆಗಳ ಒಂದು ದೊಡ್ಡ ಭಾಗ ಪರದೆಯ ಮೇಲಕ್ಕೆ ಏರಿದೆ. ಕೆಲವರು ಕೊಠಡಿಯಲ್ಲಿ, ಕೆಲವರು ದೂರದಲ್ಲಿ ಕುಳಿತು ನಡೆಸುವ ಮಿಶ್ರ ಸಭೆಗಳು ಸರ್ಕಾರ, ಕಂಪನಿ, ನ್ಯಾಯಾಲಯ, ವಿಶ್ವವಿದ್ಯಾಲಯ ಎಲ್ಲೆಡೆಯೂ ಸಾಮಾನ್ಯವಾಗಿವೆ. ಪ್ರಯಾಣ ಉಳಿಯಿತು, ಡೀಸೆಲ್ ಉಳಿಯಿತು, ಬೀದರಿನ ಅಧಿಕಾರಿ ಒಂದು ಗಂಟೆಯ ಸಭೆಗಾಗಿ ಎರಡು ರಾತ್ರಿ ಬಸ್ಸಿನಲ್ಲಿ ಕಳೆಯುವುದು ತಪ್ಪಿತು. ಇವೆಲ್ಲ ಸಣ್ಣ ಲಾಭಗಳಲ್ಲ. ಆದರೆ ಈ ಲೆಕ್ಕದ ಇನ್ನೊಂದು ಬದಿಯಲ್ಲಿ ಬರೆಯಬೇಕಾದ ನಷ್ಟವೊಂದಿದೆ. ಪಕ್ಕದವರೊಡನೆ, ಹಿಂದಿನವರೊಡನೆ ಆಡುವ ಮಾತಿಗೆ ಪರದೆಯ ಮೇಲೆ ಜಾಗವಿಲ್ಲ. ಈ ನಷ್ಟವನ್ನು ಶಿಸ್ತು ಬಂತೆಂದು ಸ್ವಾಗತಿಸಿದವರೂ ಉಂಟು. ಅವರ ಜೊತೆ ನನಗೆ ಸಹಮತವಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಫ್ರೆಡರಿಕ್ ಹಾಯೆಕ್ 1945ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವೊಂದು ನೆನಪಿರುತ್ತದೆ. ಸಮಾಜಕ್ಕೆ ಅಗತ್ಯವಾದ ತಿಳಿವಳಿಕೆ ಯಾವ ಒಂದು ತಲೆಯಲ್ಲಿಯೂ ಒಟ್ಟಾಗಿ ಇರುವುದಿಲ್ಲ. ಅದು ನಿರ್ದಿಷ್ಟ ಸ್ಥಳ, ನಿರ್ದಿಷ್ಟ ಸಮಯಕ್ಕೆ ಸಂಬಂಧಿಸಿದ ಚೂರುಗಳಾಗಿ ಅನೇಕರಲ್ಲಿ ಹಂಚಿಹೋಗಿರುತ್ತದೆ ಎಂಬುದು ಅದರ ತಿರುಳು. ಹಾಯೆಕ್ ಅದನ್ನು ಬರೆದದ್ದು ಕೇಂದ್ರೀಕೃತ ಯೋಜನೆಯ ವಿರುದ್ಧ, ಮಾರುಕಟ್ಟೆಯ ಪರವಾಗಿ. ಅವರ ತೀರ್ಮಾನಗಳನ್ನೆಲ್ಲ ಒಪ್ಪದ ನನ್ನಂಥವರೂ ಈ ಮಾತನ್ನು ಒಪ್ಪಲೇಬೇಕು. ಮಾರುಕಟ್ಟೆಯಲ್ಲಿ ಬೆಲೆ ಮಾಡುವ ಕೆಲಸವನ್ನು ಕಚೇರಿಯೊಳಗೆ ಯಾವುದು ಮಾಡುತ್ತದೆ? ಕಡತ ಮಾಡುತ್ತದೆ ಎಂದು ನಿಯಮಾವಳಿ ಹೇಳುತ್ತದೆ. ವಾಸ್ತವವಾಗಿ ಅದರ ಬಹುಭಾಗವನ್ನು ಪಿಸುಮಾತು ಮಾಡುತ್ತದೆ. ಕೆಳಗಿನವರ ಬಳಿಯಿರುವ ಚೂರು ಮೇಲಿನವರಿಗೆ ಅತ್ಯಂತ ಕಡಿಮೆ ಖರ್ಚಿನಲ್ಲಿ, ಬೇಕಾದ ಕ್ಷಣದಲ್ಲಿ ತಲುಪುವುದು ಹೀಗೆ. ನಮ್ಮಂಥ ಶ್ರೇಣೀಕೃತ ವ್ಯವಸ್ಥೆಯಲ್ಲಿ ಇದಕ್ಕೆ ಇನ್ನೂ ಒಂದು ಗುಣವಿದೆ. ಮೇಲಧಿಕಾರಿ ತಪ್ಪು ಹೇಳುತ್ತಿದ್ದಾರೆಂದು ಎದ್ದು ನಿಂತು ಹೇಳುವ ಧೈರ್ಯ ನೂರರಲ್ಲಿ ಒಬ್ಬರಿಗೂ ಇರುವುದಿಲ್ಲ; ಕಿವಿಯ ಬಳಿ ಬಾಗಿ ಹೇಳುವುದಕ್ಕೆ ಧೈರ್ಯ ಬೇಕಾಗಿಲ್ಲ. ಯಾರ ಮರ್ಯಾದೆಗೂ ಭಂಗ ಬಾರದಂತೆ ಸತ್ಯ ಒಂದು ಮೆಟ್ಟಿಲು ಮೇಲೇರುತ್ತದೆ.

ಜಿಲ್ಲೆಯೊಂದರ ಕುಡಿಯುವ ನೀರಿನ ಪರಿಶೀಲನಾ ಸಭೆಯೊಂದನ್ನು ಉದಾಹರಣೆಯಾಗಿ ಹೇಳುತ್ತೇನೆ. 2020ರ ಬೇಸಿಗೆ, ಎಲ್ಲರೂ ತಂತಮ್ಮ ಮೇಜಿನಿಂದ, ಕೆಲವರು ಮನೆಯಿಂದ, ಪರದೆಯ ಮೇಲೆ ಸೇರಿದ್ದರು. ನಾನು ಬೆಂಗಳೂರಿನಿಂದ ನೋಡುತ್ತಿದ್ದೆ. ಒಂದು ತಾಲ್ಲೂಕಿನ ಕಿರು ನೀರು ಪೂರೈಕೆ ಯೋಜನೆಗಳೆಲ್ಲ ಪೂರ್ಣಗೊಂಡು ಚಾಲನೆಯಲ್ಲಿವೆ ಎಂದು ಕಾರ್ಯಪಾಲಕ ಎಂಜಿನಿಯರರು ಪಟ್ಟಿ ಓದಿದರು. ಪರದೆಯ ಮೂಲೆಯ ಚೌಕವೊಂದರಲ್ಲಿ ಆ ತಾಲ್ಲೂಕಿನ ಸಹಾಯಕ ಎಂಜಿನಿಯರ್ ಕುಳಿತಿದ್ದರು. ಅವರ ಮುಖದಲ್ಲಿ ಏನೋ ಕಸಿವಿಸಿ. ಬಾಯಿ ಒಮ್ಮೆ ತೆರೆದು ಮುಚ್ಚಿತು. ಅವರ ಮೈಕನ್ನು ಆಯೋಜಕರು ಬಂದ್ ಮಾಡಿದ್ದರು. ಮರುದಿನ ದೂರವಾಣಿಯಲ್ಲಿ ವಿಚಾರಿಸಿದಾಗ ಅವರು ಹೇಳಿದ್ದಿಷ್ಟು: 'ಸಾರ್, ಮೂರು ಊರಿನ ಬೋರ್‌ವೆಲ್ ಬತ್ತಿ ಎರಡು ತಿಂಗಳಾಯ್ತು. ಸಾಹೇಬರ ಹತ್ತಿರ ಇದ್ದ ಪಟ್ಟಿ ಜನವರಿಯದ್ದು. ಹಿಂದೆ ಕೂತಿದ್ದರೆ ಅಲ್ಲೇ ಹೇಳ್ತಿದ್ದೆ. ಎಲ್ಲರ ಮುಂದೆ ಹೆಂಗೆ ಹೇಳಲಿ?' ಆ ಮೂರು ಊರುಗಳು ಅಂದಿನ ನಡವಳಿಯಲ್ಲಿ ನೀರು ಇರುವ ಊರುಗಳಾಗಿ ದಾಖಲಾದವು. ಟ್ಯಾಂಕರ್ ಪೂರೈಕೆಯ ಹಂಚಿಕೆ ಆ ನಡವಳಿಯ ಆಧಾರದ ಮೇಲೆಯೇ ಆಗುತ್ತಿತ್ತು. ಅದನ್ನು ಸರಿಪಡಿಸಲು ಪತ್ರ, ಮರುಪತ್ರ, ತಿದ್ದುಪಡಿ ಎಂದು ಹನ್ನೊಂದು ದಿನ ಹಿಡಿಯಿತು. ಏಪ್ರಿಲ್‌ ತಿಂಗಳ ಹನ್ನೊಂದು ದಿನಗಳೆಂದರೆ ಬಯಲುಸೀಮೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿ ತಪ್ಪು ವಿಡಿಯೊ ಸಭೆಯದೆಂದು ಹೇಳಿಬಿಟ್ಟರೆ ಅದು ಅವಸರದ ತೀರ್ಪಾದೀತು. ನಮ್ಮ ಆಡಳಿತಕ್ಕೆ ವಿಡಿಯೊ ಸಭೆ ಕೋವಿಡ್ ತಂದ ಕೊಡುಗೆಯೇನಲ್ಲ. ರಾಷ್ಟ್ರೀಯ ಮಾಹಿತಿ ಕೇಂದ್ರ ಜಿಲ್ಲಾ ಕೇಂದ್ರಗಳಲ್ಲಿ ವಿಡಿಯೊ ಕೊಠಡಿಗಳನ್ನು ಅದಕ್ಕೂ ಬಹಳ ಹಿಂದೆಯೇ ಸ್ಥಾಪಿಸಿತ್ತು. ಪ್ರಧಾನಿಯವರು ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳೊಡನೆ ಯೋಜನೆಗಳ ಪರಿಶೀಲನೆ ನಡೆಸುವ 'ಪ್ರಗತಿ' ವ್ಯವಸ್ಥೆ 2015ರ ಮಾರ್ಚ್‌ನಲ್ಲಿ ಆರಂಭವಾಯಿತು. ಆ ಹಳೆಯ ಕೊಠಡಿ ವ್ಯವಸ್ಥೆಯಲ್ಲಿ ಒಂದು ವಿಶೇಷವಿತ್ತು. ಜಿಲ್ಲೆಯ ಅಧಿಕಾರಿಗಳೆಲ್ಲ ಒಂದೇ ಕೊಠಡಿಯಲ್ಲಿ, ಒಂದೇ ಮೈಕಿನ ಮುಂದೆ ಕುಳಿತಿರುತ್ತಿದ್ದರು. ಬೆಂಗಳೂರಿನಿಂದ ಪಕ್ಕದ ಜಿಲ್ಲೆಯ ಸರದಿ ನಡೆಯುವಾಗ ಈ ಜಿಲ್ಲೆಯ ಮೈಕು ಬಂದ್ ಆಗುತ್ತಿತ್ತು. ಆ ಬಂದ್ ಆದ ಮೈಕಿನ ಹಿಂದೆ ನಿಜವಾದ ಸಭೆ ನಡೆಯುತ್ತಿತ್ತು. 'ಏನ್ರೀ, ಇದು ಆಗಿದೆಯಾ?' 'ಇಲ್ಲ ಸಾರ್, ಅರಣ್ಯ ಇಲಾಖೆಯಲ್ಲಿ ನಿಂತಿದೆ.' 'ಡಿಸಿಎಫ್ ಎಲ್ಲಿ? ಇಲ್ಲೇ ಇದ್ದಾರಲ್ಲ, ಕೇಳಿ.' ಹತ್ತು ನಿಮಿಷದಲ್ಲಿ ಎರಡು ಇಲಾಖೆಗಳ ನಡುವಿನ ಆರು ತಿಂಗಳ ಪತ್ರವ್ಯವಹಾರ ಮುಗಿದದ್ದನ್ನು ನಾನು ಕಂಡಿದ್ದೇನೆ. ಮೇಲಿನವರು ಕರೆದಿದ್ದ ಸಭೆಗಿಂತ ಮೈಕು ಬಂದ್ ಆದಾಗ ನಡೆಯುತ್ತಿದ್ದ ಸಭೆಯೇ ಹೆಚ್ಚು ಫಲಪ್ರದವಾಗಿರುತ್ತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. 2020ರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಚೌಕ ಸಿಕ್ಕಿತು. ಕೊಠಡಿ ಒಡೆಯಿತು.

ಏಕೆ ಹೀಗಾಗುತ್ತದೆ ಎಂಬುದಕ್ಕೆ ಧ್ವನಿಯ ವಿಜ್ಞಾನದಲ್ಲಿ ಉತ್ತರವಿದೆ. ಮದುವೆ ಮನೆಯ ಗದ್ದಲದಲ್ಲಿಯೂ ನಾವು ಎದುರಿಗಿರುವವರ ಮಾತನ್ನು ಹೆಕ್ಕಿ ಕೇಳಬಲ್ಲೆವು. ಬ್ರಿಟನ್ನಿನ ವಿಜ್ಞಾನಿ ಕಾಲಿನ್ ಚೆರ್ರಿ 1953ರಲ್ಲಿ ಈ ಸಾಮರ್ಥ್ಯದ ಬಗ್ಗೆ ಪ್ರಯೋಗಗಳನ್ನು ಪ್ರಕಟಿಸಿದರು. ಅದಕ್ಕೆ 'ಕಾಕ್‌ಟೇಲ್ ಪಾರ್ಟಿ' ಸಮಸ್ಯೆ ಎಂಬ ಹೆಸರು ನಿಂತಿತು. ಎರಡು ಕಿವಿಗಳಿಗೆ ಶಬ್ದ ತಲುಪುವ ಸೂಕ್ಷ್ಮ ವ್ಯತ್ಯಾಸದಿಂದ ಮಿದುಳು ದಿಕ್ಕನ್ನು ಗುರುತಿಸಿ, ಬೇಕಾದ ದಿಕ್ಕಿನ ಮಾತನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ವಿಡಿಯೊ ಸಭೆಯ ಸಾಮಾನ್ಯ ತಂತ್ರಾಂಶ ಮಾಡುವುದು ಇದಕ್ಕೆ ತದ್ವಿರುದ್ಧ. ಎಲ್ಲರ ದನಿಯನ್ನೂ ಬೆರೆಸಿ ಒಂದೇ ಸ್ಪೀಕರಿನಿಂದ, ಒಂದೇ ದಿಕ್ಕಿನಿಂದ ಹೊರಡಿಸುತ್ತದೆ. ಇಬ್ಬರು ಒಟ್ಟಿಗೆ ಮಾತನಾಡಿದರೆ ಎರಡೂ ಕೆಡುತ್ತವೆ. ಸಣ್ಣ ದನಿಯನ್ನು ಗದ್ದಲವೆಂದು ಭಾವಿಸಿ ಅಡಗಿಸುವ ಏರ್ಪಾಡೂ ಅದರಲ್ಲಿದೆ. ಪಿಸುಮಾತು ಎಂಬುದೇ ಯಂತ್ರದ ದೃಷ್ಟಿಯಲ್ಲಿ ಕಸ.

ಇದಕ್ಕೆ ಕಾಲದ ತೊಡಕೂ ಸೇರುತ್ತದೆ. ಹತ್ತು ಭಾಷೆಗಳ ಸಹಜ ಸಂಭಾಷಣೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಬ್ಬರ ಮಾತು ಮುಗಿದು ಇನ್ನೊಬ್ಬರ ಮಾತು ಆರಂಭವಾಗುವ ನಡುವಿನ ಸರಾಸರಿ ಅಂತರ ಸೆಕೆಂಡಿನ ಐದನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ ಎಂದು ತೋರಿಸಿತು. ನಮ್ಮ ತಾಲ್ಲೂಕು ಕೇಂದ್ರಗಳ ಅಂತರ್ಜಾಲದ ವಿಳಂಬ ಅದನ್ನು ಸುಲಭವಾಗಿ ಮೀರುತ್ತದೆ. ಸಣ್ಣದೊಂದು 'ಹೌದು ಸಾರ್' ಕೂಡ ತಡವಾಗಿ ತಲುಪಿ ಅಡ್ಡಿಯೆನಿಸುತ್ತದೆ. ಹೀಗಾಗಿ ಜನ ಸುಮ್ಮನಾಗುತ್ತಾರೆ. ಕಣ್ಣಸನ್ನೆಯ ಮಾತಂತೂ ಎತ್ತುವಂತೆಯೇ ಇಲ್ಲ. ಮೂವತ್ತು ಚೌಕಗಳಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆಂದು ಯಾರಿಗೂ ತಿಳಿಯುವುದಿಲ್ಲ.

ಇದು ಕೇವಲ ಹಳೆಯ ಕಾಲದ ಅಧಿಕಾರಿಯೊಬ್ಬನ ಹಳಹಳಿಕೆ ಎಂದು ತರುಣ ಓದುಗರು ಭಾವಿಸಬಹುದಾದ್ದರಿಂದ ಎರಡು ಅಧ್ಯಯನಗಳನ್ನು ಉಲ್ಲೇಖಿಸುತ್ತೇನೆ. ಮೈಕ್ರೊಸಾಫ್ಟ್ ಕಂಪನಿಯ ಅಮೆರಿಕದ 61,182 ಉದ್ಯೋಗಿಗಳ 2020ರ ಮೊದಲ ಆರು ತಿಂಗಳ ಸಂಪರ್ಕದ ದತ್ತಾಂಶವನ್ನು ಆ ಕಂಪನಿಯ ಸಂಶೋಧಕರೇ ಪರಿಶೀಲಿಸಿದರು. ಎಲ್ಲರೂ ಮನೆಯಿಂದ ಕೆಲಸ ಮಾಡತೊಡಗಿದ ಮೇಲೆ ಸಹಕಾರದ ಜಾಲ ಹೆಚ್ಚು ಜಡವಾಯಿತು, ಗುಂಪುಗಳು ತಂತಮ್ಮ ಗೋಡೆಗಳೊಳಗೆ ಸರಿದವು, ಬೇರೆ ಬೇರೆ ವಿಭಾಗಗಳ ನಡುವಿನ ಸೇತುವೆಗಳು ಕಡಿಮೆಯಾದವು ಎಂಬುದು ಅವರ ಶೋಧ. 2022ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಮೆಲನಿ ಬ್ರಕ್ಸ್ ಮತ್ತು ಜೊನಾಥನ್ ಲೆವಾವ್ ಪ್ರಕಟಿಸಿದ ಇನ್ನೊಂದು ಅಧ್ಯಯನ ಪ್ರಯೋಗಾಲಯದಲ್ಲಿಯೂ ಐದು ದೇಶಗಳ ಎಂಜಿನಿಯರುಗಳ ನಡುವೆಯೂ ನಡೆದದ್ದು. ವಿಡಿಯೊ ಮೂಲಕ ಚರ್ಚಿಸಿದ ಜೋಡಿಗಳು ಮುಖಾಮುಖಿ ಕುಳಿತವರಿಗಿಂತ ಕಡಿಮೆ ಹೊಸ ವಿಚಾರಗಳನ್ನು ಹುಟ್ಟುಹಾಕಿದರು. ಆದರೆ ಇರುವ ವಿಚಾರಗಳಲ್ಲಿ ಒಳ್ಳೆಯದನ್ನು ಆರಿಸುವುದರಲ್ಲಿ ಅವರು ಹಿಂದೆ ಬೀಳಲಿಲ್ಲ. ಈ ಎರಡನೆಯ ಅಂಶ ನನಗೆ ಮುಖ್ಯವಾಗಿ ಕಾಣುತ್ತದೆ. ಇರುವ ಪಟ್ಟಿಯನ್ನು ಪರಿಶೀಲಿಸಿ ಅಂಗೀಕರಿಸುವ ಸಭೆಗೆ ಪರದೆ ಸಾಕು. ಪಟ್ಟಿಯಲ್ಲಿಲ್ಲದ್ದನ್ನು ಕಾಣಬೇಕಾದ ಸಭೆಗೆ ಸಾಲದು. ನಮ್ಮಲ್ಲಿ ಎರಡನೆಯ ಬಗೆಯ ಸಭೆಗಳನ್ನೂ ಮೊದಲನೆಯ ಬಗೆಯವೆಂದು ತಿಳಿದು ನಡೆಸುವ ರೂಢಿ ಬೆಳೆದಿದೆ.

ಬ್ರಿಟನ್ನಿನ ಸಂಸತ್ತಿನ ಅನುಭವ ಈ ವಿಷಯದಲ್ಲಿ ಬೋಧಪ್ರದವಾಗಿದೆ. 2020ರ ಏಪ್ರಿಲ್‌ನಲ್ಲಿ ಅಲ್ಲಿನ ಹೌಸ್ ಆಫ್ ಕಾಮನ್ಸ್ ಮಿಶ್ರ ಕಲಾಪವನ್ನು ಅಂಗೀಕರಿಸಿತು. ಬಹುಪಾಲು ಸದಸ್ಯರು ಮನೆಯಿಂದ ಪ್ರಶ್ನೆ ಕೇಳಿದರು, ಮೇ ತಿಂಗಳಲ್ಲಿ ದೂರದಿಂದಲೇ ಮತವನ್ನೂ ಹಾಕಿದರು. ಕೆಲವೇ ವಾರಗಳಲ್ಲಿ ಸರ್ಕಾರ ದೂರಮತದಾನವನ್ನು ಕೊನೆಗಾಣಿಸಿತು. ಜೂನ್ 2ರಂದು ಸದಸ್ಯರು ಪರಸ್ಪರ ಅಂತರ ಕಾಯ್ದುಕೊಂಡು ಮತ ಹಾಕಲು ಉದ್ದನೆಯ ಸರದಿಯಲ್ಲಿ ನಿಂತ ದೃಶ್ಯವನ್ನು ಪತ್ರಿಕೆಗಳು ಸಾಕಷ್ಟು ಗೇಲಿ ಮಾಡಿದವು. ಗೇಲಿಗೆ ಅರ್ಹವೇ. ವಯಸ್ಸಾದವರು, ಅನಾರೋಗ್ಯದಿಂದ ಬಳಲುತ್ತಿದ್ದವರು ಬರಲಾಗದೆ ಹೊರಗುಳಿದದ್ದು ಅನ್ಯಾಯವೂ ಹೌದು. ಆದರೂ ಹಿಂತಿರುಗಬೇಕೆಂದವರ ವಾದದಲ್ಲಿ ಹುರುಳಿತ್ತು. ಅಲ್ಲಿ ಮತ ಹಾಕಲು ಸದಸ್ಯರು ಮೊಗಸಾಲೆಯ ಮೂಲಕ ನಡೆದುಹೋಗುತ್ತಾರೆ. ಮಂತ್ರಿಯೂ ಹಿಂದಿನ ಬೆಂಚಿನ ಸದಸ್ಯನೂ ಒಂದೇ ಬಾಗಿಲಿನಿಂದ ಹೋಗಬೇಕು. ತನ್ನ ಕ್ಷೇತ್ರದ ಆಸ್ಪತ್ರೆಯ ವಿಷಯವನ್ನು ಮಂತ್ರಿಯ ಕಿವಿಗೆ ಹಾಕಲು ಅಪ್ರಸಿದ್ಧ ಸದಸ್ಯನಿಗೆ ದೊರೆಯುವ ಆ ಕೆಲವು ನಿಮಿಷಗಳನ್ನು ಪರದೆ ಕಿತ್ತುಕೊಂಡಿತ್ತು.

ಇಷ್ಟರಲ್ಲಿ ಓದುಗರಲ್ಲಿ ಕೆಲವರಿಗಾದರೂ ಒಂದು ಆಕ್ಷೇಪ ಹೊಳೆದಿರಬೇಕು. ಮೊಗಸಾಲೆಯ ಮಾತು, ಕಾರಿಡಾರಿನ ಮಾತು ಎಂದರೆ ಒಳಸಂಚಿನ ಮಾತಲ್ಲವೆ? ಗುತ್ತಿಗೆಯ ಹಂಚಿಕೆ, ವರ್ಗಾವಣೆಯ ವ್ಯಾಪಾರ ನಡೆಯುವುದೂ ಅಲ್ಲಿಯೇ ಅಲ್ಲವೆ? ಹೌದು. ಚಹಾದ ಬಿಡುವಿನಲ್ಲಿ ಹೊರಗೆ ಸಿಗರೇಟು ಸೇದುತ್ತಾ ನಿಂತ ನಾಲ್ವರು ತೀರ್ಮಾನಿಸಿ ಒಳಗೆ ಬಂದು, ಉಳಿದ ಇಪ್ಪತ್ತು ಜನರ ಮುಂದೆ ಚರ್ಚೆಯ ನಾಟಕವಾಡುವುದು ನಮ್ಮಲ್ಲಿ ಹೊಸತಲ್ಲ. ಮಹಿಳಾ ಅಧಿಕಾರಿಗಳು ಆ ನಾಲ್ವರಲ್ಲಿ ಎಂದೂ ಇರುತ್ತಿರಲಿಲ್ಲ. ಬೇರೆ ಜಿಲ್ಲೆಯಿಂದ, ಬೇರೆ ಜಾತಿಯಿಂದ, ಬೇರೆ ಭಾಷೆಯಿಂದ ಬಂದವರೂ ಅಪರೂಪ. ಪರದೆಯ ಸಭೆ ಈ ನಾಲ್ವರ ಕೂಟವನ್ನು ಸ್ವಲ್ಪ ಮಟ್ಟಿಗೆ ಮುರಿದದ್ದು ನಿಜ. ಸಭೆಯ ನಡುವೆ ಬರೆದು ಕಳುಹಿಸುವ ಚಾಟ್ ಸೌಲಭ್ಯ ಬಂದ ಮೇಲೆ, ಗಂಟಲು ಎತ್ತರಿಸಲಾರದ ಅನೇಕರು ಮೊದಲ ಬಾರಿಗೆ ಪ್ರಶ್ನೆ ಕೇಳಿದ್ದನ್ನೂ ನಾನು ಬಲ್ಲೆ. ಆದ್ದರಿಂದ ಹಳೆಯ ಕಾರಿಡಾರನ್ನು ಹಾಗೆಯೇ ಮರಳಿ ಕೊಡಿ ಎಂಬುದು ನನ್ನ ಕೋರಿಕೆಯಲ್ಲ.

ಆದರೆ ಪಿಸುಮಾತನ್ನು ಅಳಿಸಿದರೆ ಒಳಸಂಚು ಅಳಿಯುತ್ತದೆಂಬ ನಂಬಿಕೆ ಹುಸಿಯಾದದ್ದು. ಒಳಸಂಚು ವಾಟ್ಸ್ಆ್ಯಪಿಗೆ ಹೋಯಿತು. ಇಂದು ಯಾವ ದೊಡ್ಡ ಸಭೆ ನಡೆದರೂ ಅದರೊಳಗೆ ಮೂರೋ ನಾಲ್ಕೋ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬೇರೆ ಸಭೆಗಳು ನಡೆಯುತ್ತಿರುತ್ತವೆ. ಗುಂಪಿನಲ್ಲಿ ಯಾರಿರಬೇಕೆಂದು ಗುಂಪು ಮಾಡಿದವರು ತೀರ್ಮಾನಿಸುತ್ತಾರೆ. ಹಿಂದಿನ ಸಾಲಿನ ಸಹಾಯಕ ಎಂಜಿನಿಯರ್ ಅದರಲ್ಲಿ ಇರುವುದಿಲ್ಲ. ಮೊದಲು ಕೊಠಡಿಯಲ್ಲಿ ಯಾರು ಯಾರ ಕಿವಿಯಲ್ಲಿ ಏನೋ ಹೇಳಿದರು ಎಂಬುದಾದರೂ ಎಲ್ಲರಿಗೂ ಕಾಣುತ್ತಿತ್ತು. ಈಗ ಅದೂ ಕಾಣುವುದಿಲ್ಲ. ಪರದೆಯನ್ನು ಎಲ್ಲರಿಗೂ ತೋರಿಸುತ್ತಿರುವಾಗ ಅಧ್ಯಕ್ಷರನ್ನೇ ಕುರಿತ ಖಾಸಗಿ ಸಂದೇಶವೊಂದು ಮೂಲೆಯಲ್ಲಿ ಪುಟಿದೆದ್ದು ಸಭೆಗೆ ಸಭೆಯೇ ನಕ್ಕ ಪ್ರಸಂಗಗಳನ್ನು ಹಲವರು ಕಂಡಿರಬಹುದು. ಮಾಹಿತಿ ಹಕ್ಕು ಕಾಯ್ದೆ 2005ರ ವ್ಯಾಖ್ಯೆಯಲ್ಲಿ 'ಮಾಹಿತಿ' ಎಂದರೆ ಇ-ಮೇಲ್, ಅಭಿಪ್ರಾಯ, ವಿದ್ಯುನ್ಮಾನ ರೂಪದ ದತ್ತಾಂಶ ಎಲ್ಲವೂ ಸೇರುತ್ತವೆ. ಬರೆದ ಪಿಸುಮಾತು ಉಳಿದುಬಿಡುತ್ತದೆ ಎಂಬ ಭಯ ಪ್ರಾಮಾಣಿಕ ಅಧಿಕಾರಿಯನ್ನು ಮೌನಕ್ಕೆ ತಳ್ಳುತ್ತದೆ. ಅಪ್ರಾಮಾಣಿಕನು ಅಳಿಸಿಹೋಗುವ ಸಂದೇಶದ ಸೌಲಭ್ಯವನ್ನು ಎಂದೋ ಕಲಿತಿದ್ದಾನೆ.

ಮಿಶ್ರ ಸಭೆಯಲ್ಲಿ ಅನ್ಯಾಯ ಇನ್ನೂ ಸ್ಪಷ್ಟ. ಕೊಠಡಿಯಲ್ಲಿದ್ದವರಿಗೆ ಮೇಜಿದೆ, ಚಹಾ ಇದೆ, ಪಕ್ಕದವರ ಕಿವಿಯಿದೆ. ದೂರದಲ್ಲಿರುವವರಿಗೆ ಅವರ ನಗು ಕೇಳಿಸುತ್ತದೆ, ನಗುವಿನ ಕಾರಣ ಕೇಳಿಸುವುದಿಲ್ಲ. ಬೆಂಗಳೂರಿನ ತಂತ್ರಾಂಶ ಕಂಪನಿಗಳಲ್ಲಿರುವ ನನ್ನ ಪರಿಚಿತ ತರುಣರು ಇದನ್ನು ರಾತ್ರಿಯ ಸಭೆಗಳಲ್ಲಿ ದಿನವೂ ಅನುಭವಿಸುತ್ತಾರೆ. ಅಮೆರಿಕದ ಕಚೇರಿಯ ಕೊಠಡಿಯಲ್ಲಿ ಎಂಟು ಜನ, ಇಲ್ಲಿ ಊಟ ಮುಗಿಸಿ ಕುಳಿತ ಒಬ್ಬ ಹುಡುಗಿ. ತೀರ್ಮಾನ ಆದದ್ದು ಸಭೆ ಮುಗಿದ ಮೇಲೆ ಅವರು ಲಿಫ್ಟಿನವರೆಗೆ ನಡೆದುಹೋಗುವಾಗ.

ಈ ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ಇರುವುದು ನ್ಯಾಯಾಲಯಗಳಲ್ಲಿ. 2020ರ ಏಪ್ರಿಲ್ 6ರಂದು ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಆದೇಶ ಹೊರಡಿಸಿ ದೇಶದ ನ್ಯಾಯಾಲಯಗಳು ವಿಡಿಯೊ ಮೂಲಕ ವಿಚಾರಣೆ ನಡೆಸುವುದಕ್ಕೆ ದಾರಿ ಮಾಡಿಕೊಟ್ಟಿತು. ಅದರಿಂದ ಆದ ಅನುಕೂಲ ಅಪಾರ. ಕಲಬುರ್ಗಿಯ ವಕೀಲರೊಬ್ಬರು ತಮ್ಮ ಕಚೇರಿಯಲ್ಲಿ ಕುಳಿತೇ ದೆಹಲಿಯಲ್ಲಿ ವಾದಿಸಬಹುದಾಗಿದೆ. ಆದರೆ ನ್ಯಾಯಾಲಯವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ವಾದ ಎಂಬುದು ಒಬ್ಬರ ಕೆಲಸವಲ್ಲ. ಹಿರಿಯ ವಕೀಲರು ವಾದಿಸುತ್ತಿರುವಾಗ ಕಿರಿಯರು ಹಿಂದಿನಿಂದ ಕೋಟಿನ ತುದಿ ಹಿಡಿದೆಳೆದು ಪುಟ ತೋರಿಸುತ್ತಾರೆ. ನ್ಯಾಯಾಧೀಶರು ಪ್ರಶ್ನೆ ಹಾಕಿದಾಗ 'ಕಕ್ಷಿದಾರರಿಂದ ಸೂಚನೆ ಪಡೆದು ತಿಳಿಸುತ್ತೇನೆ' ಎಂದು ವಕೀಲರು ಹಿಂತಿರುಗಿ ಅರ್ಧ ನಿಮಿಷ ಪಿಸುಗುಡುತ್ತಾರೆ. ಆ ಅರ್ಧ ನಿಮಿಷದಲ್ಲಿ ರಾಜಿ ಆದದ್ದುಂಟು, ಜಾಮೀನಿನ ಷರತ್ತು ಬದಲಾದದ್ದುಂಟು.

ಕಾರಾಗೃಹದಲ್ಲಿರುವ ಆರೋಪಿಯ ವಿಷಯ ಇನ್ನೂ ಸೂಕ್ಷ್ಮ. ನ್ಯಾಯಾಂಗ ಬಂಧನದ ಅವಧಿಯನ್ನು ವಿಸ್ತರಿಸುವಾಗ ಆರೋಪಿಯನ್ನು ವಿಡಿಯೊ ಮೂಲಕ ಹಾಜರುಪಡಿಸಬಹುದೆಂಬ ಅವಕಾಶ ಹಳೆಯ ದಂಡ ಪ್ರಕ್ರಿಯಾ ಸಂಹಿತೆಗೆ ತಿದ್ದುಪಡಿಯ ಮೂಲಕ ಸೇರಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅದನ್ನು ಮುಂದುವರಿಸಿದೆ. ಪೊಲೀಸ್ ಬಂಧನಕ್ಕೆ ಒಪ್ಪಿಸಬೇಕಾದರೆ ಮಾತ್ರ ಆರೋಪಿ ಖುದ್ದಾಗಿ ಹಾಜರಾಗಬೇಕು. ಬೆಂಗಾವಲು ಪೊಲೀಸರ ಕೊರತೆ, ವಾಹನದ ಕೊರತೆ, ದಾರಿಯಲ್ಲಿ ತಪ್ಪಿಸಿಕೊಳ್ಳುವ ಭೀತಿ ಇವೆಲ್ಲಕ್ಕೂ ಇದು ಪರಿಹಾರ. ಆಡಳಿತದಲ್ಲಿದ್ದವನಾಗಿ ಅದರ ಬೆಲೆ ನನಗೆ ತಿಳಿದಿದೆ. ಆದರೆ ಖುದ್ದಾಗಿ ಬಂದ ಕೈದಿಗೆ ನ್ಯಾಯಾಲಯದ ಜಗುಲಿಯಲ್ಲಿ ಐದು ನಿಮಿಷ ತನ್ನ ವಕೀಲರ ಮುಖ ಕಾಣುತ್ತಿತ್ತು. ಹೊಡೆದರೆಂದೋ, ಔಷಧಿ ಸಿಗುತ್ತಿಲ್ಲವೆಂದೋ, ಜಾಮೀನು ಕೊಡುವವರು ಯಾರೂ ಇಲ್ಲವೆಂದೋ ಹೇಳಿಕೊಳ್ಳುವ ಅವಕಾಶ ಅದೊಂದೇ. ಪರದೆಯ ಮೇಲೆ ಬಂದ ಕೈದಿಯ ಪಕ್ಕದಲ್ಲಿ ಕಾರಾಗೃಹದ ಸಿಬ್ಬಂದಿ ನಿಂತಿರುತ್ತಾರೆ. ಅವನು ಹೇಳುವುದೆಲ್ಲ ತೆರೆದ ನ್ಯಾಯಾಲಯಕ್ಕೆ ಕೇಳಿಸುತ್ತದೆ. ತನಗೆ ಇಷ್ಟವಾದ ವಕೀಲರೊಡನೆ ಸಮಾಲೋಚಿಸುವ ಹಕ್ಕನ್ನು ಸಂವಿಧಾನದ 22ನೆಯ ವಿಧಿ ಬಂಧಿತನಿಗೆ ಕೊಟ್ಟಿದೆ. ಸುಪ್ರೀಂ ಕೋರ್ಟಿನ ಇ-ಸಮಿತಿ ರೂಪಿಸಿದ ವಿಡಿಯೊ ಕಲಾಪದ ಮಾದರಿ ನಿಯಮಗಳಲ್ಲಿಯೂ, ಆರೋಪಿಗೆ ಕಲಾಪದ ಮೊದಲು, ನಡುವೆ ಮತ್ತು ನಂತರ ವಕೀಲರೊಡನೆ ಖಾಸಗಿಯಾಗಿ ಮಾತನಾಡುವ ಅವಕಾಶವಿರಬೇಕೆಂಬ ಮಾತಿದೆ. 'ನಡುವೆ' ಎಂಬ ಶಬ್ದವನ್ನು ಅದರಲ್ಲಿ ಸೇರಿಸಿದವರಿಗೆ ನ್ಯಾಯಾಲಯದ ಪಿಸುಮಾತಿನ ಬೆಲೆ ತಿಳಿದಿತ್ತು. ಅದಕ್ಕೆ ಬೇಕಾದದ್ದು ಕಾರಾಗೃಹದಲ್ಲಿ ಬಾಗಿಲು ಹಾಕಬಹುದಾದ ಒಂದು ಸಣ್ಣ ಗೂಡು, ಒಂದು ಪ್ರತ್ಯೇಕ ದೂರವಾಣಿ ಸಂಪರ್ಕ, ಕಿವಿಗೆ ಹಾಕುವ ಒಂದು ಹೆಡ್‌ಫೋನ್.

ಸುರಕ್ಷತೆಯ ಹೆಸರಿನಲ್ಲಿ ನಾವು ನಡೆದದ್ದು ವಿರುದ್ಧ ದಿಕ್ಕಿನಲ್ಲಿ. 2020ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಜೂಮ್ ತಂತ್ರಾಂಶ ಸುರಕ್ಷಿತವಲ್ಲವೆಂದು ಸಲಹಾಪತ್ರ ಹೊರಡಿಸಿತು; ಖಾಸಗಿಯಾಗಿ ಬಳಸುವವರು ಪಾಲಿಸಬೇಕಾದ ಕ್ರಮಗಳಲ್ಲಿ, ಆಯೋಜಕರು ಬರುವ ಮೊದಲು ಉಳಿದವರು ಸೇರುವುದನ್ನು ನಿರ್ಬಂಧಿಸಬೇಕೆಂಬುದೂ ಒಂದು. ಸಲಹೆ ಅಂದಿಗೆ ಸರಿಯಾಗಿಯೇ ಇತ್ತು. 2023ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ವಿಡಿಯೊ ಕಲಾಪಕ್ಕೆ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ದೃಶ್ಯ ಬಿತ್ತರಿಸಿ, ಹೈಕೋರ್ಟ್ ಕೆಲಕಾಲ ವಿಡಿಯೊ ಕಲಾಪವನ್ನೂ ನೇರಪ್ರಸಾರವನ್ನೂ ನಿಲ್ಲಿಸಬೇಕಾಗಿ ಬಂದದ್ದನ್ನು ಮರೆಯುವಂತಿಲ್ಲ. ಆದರೆ ಹೊರಗಿನವರಿಗೆ ಹಾಕಿದ ಬೀಗ ಒಳಗಿನವರಿಗೂ ಬಿದ್ದಿತು. ಸಭೆಗೆ ಹತ್ತು ನಿಮಿಷ ಮೊದಲು ಬಂದು ಕುಳಿತವರು ಒಬ್ಬೊಬ್ಬರೇ ಕಾಯುವ ಕೊಠಡಿಯಲ್ಲಿ ಖಾಲಿ ಪರದೆ ನೋಡುತ್ತಾ ಕುಳಿತಿರಬೇಕು; ಅಧ್ಯಕ್ಷರು ಬಂದೊಡನೆ ಎಲ್ಲರ ಮೈಕೂ ಬಂದ್; ಮುಗಿದೊಡನೆ ಒಂದು ಗುಂಡಿ ಒತ್ತಿ ಎಲ್ಲರನ್ನೂ ಹೊರಹಾಕುವುದು. ಸಭೆಯ ಮುಂಚಿನ ಮತ್ತು ನಂತರದ ಹತ್ತು ನಿಮಿಷಗಳನ್ನು ಹೀಗೆ ಕತ್ತರಿಸಿ ಹಾಕಿದ್ದೇವೆ. ಆಹ್ವಾನಿತರು ಮಾತ್ರ ಸೇರುವಂತೆ ಗುರುತಿನ ಪರಿಶೀಲನೆ ಮಾಡಿದ ಮೇಲೆ ಅವರವರೇ ಮಾತನಾಡಿಕೊಳ್ಳಲು ಬಿಡುವುದರಲ್ಲಿ ಯಾವ ಅಪಾಯವೂ ಇಲ್ಲ.

ತಂತ್ರಾಂಶಗಳಲ್ಲಿ ಉಪಾಯಗಳಿಲ್ಲವೆಂದಲ್ಲ. ದೊಡ್ಡ ಸಭೆಯನ್ನು ಸಣ್ಣ ಕೊಠಡಿಗಳಾಗಿ ಒಡೆಯುವ ಸೌಲಭ್ಯ ಜೂಮ್‌ನಲ್ಲಿಯೂ ಟೀಮ್ಸ್‌ನಲ್ಲಿಯೂ ಇದೆ. ನಮ್ಮಲ್ಲಿ ಅದನ್ನು ತರಬೇತಿ ಸಂಸ್ಥೆಗಳು ಬಳಸುತ್ತವೆಯೇ ಹೊರತು ಆಡಳಿತ ಬಳಸುವುದಿಲ್ಲ. ಪರಿಶೀಲನಾ ಸಭೆಯೊಂದರಲ್ಲಿ ಪ್ರತಿ ಜಿಲ್ಲೆಗೂ ಒಂದು ಒಳಕೊಠಡಿ ತೆರೆದಿಟ್ಟು, ತನ್ನ ಸರದಿ ಬರುವವರೆಗೆ ಜಿಲ್ಲೆಯ ಅಧಿಕಾರಿಗಳು ಅಲ್ಲಿ ಕುಳಿತು ತಮ್ಮ ಅಂಕಿಅಂಶಗಳನ್ನು ತಾಳೆ ನೋಡಿಕೊಳ್ಳಲಿ. ಅಲ್ಲಿ ಧ್ವನಿಮುದ್ರಣ ಬೇಡ. ಪ್ರಶ್ನೆ ಬಂದಾಗ 'ಎರಡು ನಿಮಿಷ ಸಮಾಲೋಚಿಸಿ ತಿಳಿಸುತ್ತೇವೆ' ಎನ್ನುವುದು ಅವಿಧೇಯತೆಯೆಂದು ಅಧ್ಯಕ್ಷರು ಭಾವಿಸದಿರಲಿ. ತಕ್ಷಣದ ತಪ್ಪು ಉತ್ತರಕ್ಕಿಂತ ಎರಡು ನಿಮಿಷದ ನಂತರದ ಸರಿ ಉತ್ತರ ಅಗ್ಗ. ಮಿಶ್ರ ಸಭೆಯಾದರೆ, ದೂರದಲ್ಲಿರುವವರ ಪರವಾಗಿ ಕೊಠಡಿಯೊಳಗೆ ಒಬ್ಬರನ್ನು ನೇಮಿಸುವುದು ಉಪಯುಕ್ತ. ಚಾಟಿನಲ್ಲಿ ಬಂದದ್ದನ್ನು ಓದಿ ಹೇಳುವುದು, ಕೊಠಡಿಯಲ್ಲಿ ಯಾರೋ ನಕ್ಕರೆ ಏಕೆ ನಕ್ಕರೆಂದು ಬರೆದು ತಿಳಿಸುವುದು ಅವರ ಕೆಲಸ. ಹೀಗೆ ಹೇಳಿದಾಗ ಸ್ನೇಹಿತರೊಬ್ಬರು ನಕ್ಕರು. ನಗುವಂಥದ್ದೇನೂ ಅದರಲ್ಲಿಲ್ಲ.

ಚಾಟಿನ ವಿಷಯದಲ್ಲಿ ನಮ್ಮ ರಾಜ್ಯಕ್ಕೇ ವಿಶಿಷ್ಟವಾದ ತೊಡಕೊಂದಿದೆ. ಮಾತು ಕನ್ನಡದಲ್ಲಿ ನಡೆಯುವ ಸಭೆಯಲ್ಲಿಯೂ ಚಾಟ್ ಮಾತ್ರ ಇಂಗ್ಲಿಷಿನಲ್ಲಿ ಓಡುತ್ತದೆ. ತಾಲ್ಲೂಕಿನ ಸಿಬ್ಬಂದಿಯಲ್ಲಿ ನುಡಿಯ ಕೀಲಿಮಣೆಯಲ್ಲಿ ಸರಾಗವಾಗಿ ಪತ್ರ ಬೆರಳಚ್ಚು ಮಾಡುವವರು ಬಹಳ ಮಂದಿ. ಆದರೆ ಆ ಪೆಟ್ಟಿಗೆಯಲ್ಲಿ ಕನ್ನಡದಲ್ಲಿ ಬರೆದರೆ ಮೇಲಿನವರು ಏನೆಂದುಕೊಳ್ಳುವರೋ ಎಂಬ ಅಳುಕು. ಇಂಗ್ಲಿಷಿನಲ್ಲಿ ಬರೆದರೆ ತಪ್ಪಾದೀತೆಂಬ ಅಳುಕು ಇನ್ನೂ ದೊಡ್ಡದು. ಪಿಸುಮಾತಿಗೆ ವ್ಯಾಕರಣದ ಭಯ ಇರಲಿಲ್ಲ. ಅಧ್ಯಕ್ಷರು ತಾವೇ ಮೊದಲ ಸಂದೇಶವನ್ನು ಕನ್ನಡದಲ್ಲಿ ಹಾಕಿದರೆ ಈ ಅಳುಕು ಒಂದೇ ಸಭೆಯಲ್ಲಿ ಅರ್ಧಕ್ಕಿಳಿಯುತ್ತದೆ ಎಂಬುದು ನನ್ನ ಅನುಭವ. ಒಬ್ಬರೇ ಒಬ್ಬ ಜಿಲ್ಲಾಧಿಕಾರಿ ಹಾಗೆ ಮಾಡಿದ್ದನ್ನು ನಾನು ನೋಡಿದ್ದೇನೆ. ಆ ದಿನ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗಳಿಂದ ಬಂದ ಸಂದೇಶಗಳನ್ನು ಓದಿ ಮುಗಿಸಲು ಸಭೆಯನ್ನು ಮುಂದುವರಿಸಬೇಕಾಯಿತು.

ಮುಂದಿನ ವರ್ಷಗಳಲ್ಲಿ ಇಲಾಖೆಗಳೂ ನ್ಯಾಯಾಲಯಗಳೂ ವಿಡಿಯೊ ಸಲಕರಣೆಗಳಿಗಾಗಿ ಇನ್ನಷ್ಟು ಖರ್ಚು ಮಾಡಲಿವೆ. ಇಂಥ ಟೆಂಡರುಗಳ ತಾಂತ್ರಿಕ ನಿರ್ದಿಷ್ಟತೆಗಳಲ್ಲಿ ಕ್ಯಾಮೆರಾದ ಸ್ಪಷ್ಟತೆ, ಪರದೆಯ ಅಂಗುಲ, ಮೈಕಿನ ವ್ಯಾಪ್ತಿ, ವಾರಂಟಿಯ ವರ್ಷಗಳು ವಿವರವಾಗಿರುತ್ತವೆ. ಸಭೆ ನಡೆಯುತ್ತಿರುವಾಗ ಇಬ್ಬರು ಉಳಿದವರಿಗೆ ಕೇಳಿಸದಂತೆ ಮಾತನಾಡಿಕೊಳ್ಳಲು ಏನು ಏರ್ಪಾಡು ಎಂಬ ಕಲಂ ಮಾತ್ರ ನನ್ನ ಕಣ್ಣಿಗೆ ಬಿದ್ದ ಯಾವ ಟೆಂಡರಿನಲ್ಲಿಯೂ ಇರಲಿಲ್ಲ. ಆ ನಿರ್ದಿಷ್ಟತೆಗಳನ್ನು ಸಿದ್ಧಪಡಿಸುವ ಸಮಿತಿಗೆ ತಂತ್ರಜ್ಞರ ಜೊತೆಗೆ ಒಬ್ಬ ಕಿರಿಯ ವಕೀಲರನ್ನೂ ತಾಲ್ಲೂಕಿನ ಒಬ್ಬ ಸಹಾಯಕ ಎಂಜಿನಿಯರರನ್ನೂ ಕರೆಯಬೇಕು. ಕರೆದ ಸಭೆ ಮಾತ್ರ ಪರದೆಯ ಮೇಲೆ ಬೇಡ.